ಕ್ಯಾಂಪಸ್ ‘ಪೂರ್ತಿ ವೀಲ್‌ಚೇರ್‌ಸ್ನೇಹಿ’ ಎಂದು ಬರೆದುಕೊಂಡಿದ್ದರೆ ನಂಬಬಹುದೇ?

ಎರಡು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿದೆ, ಎರಡೂ ತಮ್ಮ ಕ್ಯಾಂಪಸ್ ಪೂರ್ತಿ ವೀಲ್‌ಚೇರ್‌ಸ್ನೇಹಿ ಎಂದು ಹೇಳಿಕೊಂಡಿವೆ, ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ. ನಾನು ಐದು ವರ್ಷ ವೀಲ್‌ಚೇರ್‌ನಲ್ಲೇ ಕ್ಯಾಂಪಸ್ ಸುತ್ತಿ ಓದಿದವಳು. ಕಣ್ಣಾರೆ ನೋಡುವ ತನಕ ಎರಡನ್ನೂ ನಂಬಬೇಡಿ. ನೋಡಲು ಹೋದಾಗ ‘ಲಿಫ್ಟ್ ಇದೆಯಾ, ಶೌಚಾಲಯ ಇದೆಯಾ’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಇದೆ ಎಂದೇ ಹೇಳುತ್ತಾರೆ, ಅದು ಸುಳ್ಳೂ ಆಗಿರುವುದಿಲ್ಲ. ಅದರ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿ.

ನಾನು ಸೇರಿದ ಕಡೆ ಎಲ್ಲವೂ ಇತ್ತು. ಲಿಫ್ಟ್‌ಗೆ ಬೀಗ, ಅದರ ಕೀಲಿ ಅಟೆಂಡರ್ ಜೇಬಿನಲ್ಲಿ. ಅವರು ಊಟಕ್ಕೆ ಹೋದರೆ ನಾನು ಎರಡನೇ ಮಹಡಿಯಲ್ಲೇ ಕಾಯಬೇಕು. ಪಾಪ, ಅವರು ಒಂದು ದಿನವೂ ಮುಖ ಗಂಟಿಕ್ಕಿದವರಲ್ಲ. ನಾಲ್ಕು ಮಹಡಿಗೆ ಅವರೊಬ್ಬರೇ. ಶೌಚಾಲಯವನ್ನೂ ಚೆನ್ನಾಗಿಯೇ ಕಟ್ಟಿದ್ದರು, ಅಗಲದ ಬಾಗಿಲು, ಹಿಡಿದುಕೊಳ್ಳಲು ಕಂಬಿ. ಆದರೆ ಒಳಗೆ ಪೊರಕೆ, ಬಕೆಟ್ಟು, ಮುರಿದ ಕುರ್ಚಿ ತುಂಬಿಟ್ಟು ಬೀಗ ಹಾಕಿದ್ದರು. ಹಾಗಾಗಿ ಬೆಳಿಗ್ಗೆ 8ಕ್ಕೆ ಹಾಸ್ಟೆಲ್ ಬಿಟ್ಟವಳು ಸಂಜೆ 5ಕ್ಕೆ ಮರಳುವ ತನಕ ನೀರು ಮುಟ್ಟುತ್ತಿರಲಿಲ್ಲ. ಎರಡನೇ ಸೆಮಿಸ್ಟರ್‌ನಲ್ಲಿ ಮೂತ್ರನಾಳದ ಸೋಂಕಾಗಿ ಎರಡು ಪರೀಕ್ಷೆ ತಪ್ಪಿದವು. ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ‘ಗೈರುಹಾಜರಿ’ ಎಂದಷ್ಟೇ ಬಂತು. ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ.

ಹೋಗುವಾಗ ಒಂದು ಅಳತೆ ಟೇಪು ಒಯ್ಯಿರಿ. ರ‍್ಯಾಂಪ್‌ಗೆ ಬಹಳಷ್ಟು ಕಡೆ ಒಪ್ಪಿಕೊಂಡಿರುವ ಲೆಕ್ಕ 1:12, ಅಂದರೆ ಒಂದು ಅಂಗುಲ ಏರಬೇಕಾದರೆ ಹನ್ನೆರಡು ಅಂಗುಲ ಉದ್ದ ಬೇಕು. ತಲಾ 6 ಅಂಗುಲದ ಮೂರೇ ಮೂರು ಮೆಟ್ಟಿಲಿದ್ದರೂ ಏರು 18 ಅಂಗುಲ, ಅದಕ್ಕೆ 18 ಅಡಿ ಉದ್ದದ ರ‍್ಯಾಂಪ್ ಬೇಕು. ಅಲ್ಲಿ 6 ಅಡಿಯ ಸಿಮೆಂಟ್ ಇಳಿಜಾರು ಕಂಡರೆ ಅದು ಸಾಮಾನು ತಳ್ಳುಗಾಡಿಗೆ ಮಾಡಿದ್ದು, ನಿಮಗಲ್ಲ. ಹತ್ತುವಾಗ ಹಿಂದಕ್ಕೆ ಮಗುಚುವ ಅಪಾಯವಿದೆ. ಬಾಗಿಲನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಅಳೆಯಬೇಡಿ. ಬಾಗಿಲು ತೆರೆದು ನಿಂತಾಗ ಉಳಿಯುವ ಜಾಗವನ್ನು ಅಳೆಯಿರಿ, ಕನಿಷ್ಠ 32 ಅಂಗುಲ ಸಿಗಬೇಕು. ಶೌಚಾಲಯದೊಳಗೆ ಕುರ್ಚಿ ಪೂರ್ತಿ ಒಂದು ಸುತ್ತು ತಿರುಗಲು ಸುಮಾರು 5 ಅಡಿ ವ್ಯಾಸದ ಜಾಗ ಬೇಕು. ‘ಇಲ್ಲದಿದ್ದರೇನಂತೆ, ಹುಡುಗರು ಎತ್ತಿಕೊಂಡು ಹೋಗುತ್ತಾರೆ’ ಎಂದು ಯಾರಾದರೂ ಪ್ರೀತಿಯಿಂದಲೇ ಹೇಳಬಹುದು. ದಯವಿಟ್ಟು ಒಪ್ಪಬೇಡಿ. ಬ್ಯಾಟರಿಯ ವೀಲ್‌ಚೇರ್‌ಗಳು ಒಮ್ಮೊಮ್ಮೆ ತಾವೇ 100 ಕಿಲೊ ದಾಟುತ್ತವೆ. ಮೆಟ್ಟಿಲ ಮೇಲೆ ಒಬ್ಬರ ಕೈ ಜಾರಿದರೂ ನೀವೂ ಬೀಳುತ್ತೀರಿ, ಎತ್ತಿದವರೂ ಬೀಳುತ್ತಾರೆ.

ಸಾಧ್ಯವಾದರೆ ಕ್ಲಾಸ್ ನಡೆಯುವ ದಿನವೇ ಹೋಗಿ, ವೇಳಾಪಟ್ಟಿ ಕೇಳಿ ಪಡೆದು ಒಂದಿಡೀ ದಿನ ಅದರಂತೆ ಓಡಾಡಿ. ನನ್ನ ಎರಡು ಕ್ಲಾಸ್‌ಗಳ ನಡುವೆ 10 ನಿಮಿಷ ಬಿಡುವಿತ್ತು. ಗೆಳತಿಯರು ಮೆಟ್ಟಿಲಿಳಿದು 3 ನಿಮಿಷಕ್ಕೆ ತಲುಪುತ್ತಿದ್ದರು. ರ‍್ಯಾಂಪ್ ಇದ್ದದ್ದು ಕಟ್ಟಡದ ಹಿಂಬದಿಯಲ್ಲಿ, ನನಗೆ 15 ನಿಮಿಷ. ಒಂದು ವರ್ಷ ಪ್ರತಿ ದಿನ ಪಾಠದ ಮೊದಲ ಮಾತು ತಪ್ಪಿಸಿಕೊಂಡೆ. ಕೊನೆಗೆ ವಿಭಾಗದ ಮುಖ್ಯಸ್ಥರಿಗೆ ಹೇಳಿದಾಗ ಎರಡೂ ಕ್ಲಾಸನ್ನು ಒಂದೇ ಕಟ್ಟಡಕ್ಕೆ ತಂದರು. ಒಂದು ಇಟ್ಟಿಗೆಯೂ ಬೇಕಾಗಲಿಲ್ಲ. ಮೊದಲೇ ಕೇಳದೆ ಹೋದೆನಲ್ಲ ಎಂಬ ನೋವು ಉಳಿದಿದೆ, ಅದಕ್ಕೇ ನಿಮಗೆ ಒತ್ತಿ ಹೇಳುತ್ತಿದ್ದೇನೆ.

ಬೆಂಕಿ ಬಿದ್ದರೆ ಏನು ಮಾಡುತ್ತೀರಿ ಎಂದೂ ಕೇಳಿ. ಬೆಂಕಿಯ ಗಂಟೆ ಹೊಡೆದಾಗ ಸಾಮಾನ್ಯವಾಗಿ ಲಿಫ್ಟ್ ಬಳಸುವಂತಿಲ್ಲ. ಆಗ ಮೇಲಿನ ಮಹಡಿಯಲ್ಲಿರುವವರನ್ನು ಇಳಿಸುವ ವಿಶೇಷ ಕುರ್ಚಿ ಇದೆಯೇ, ಅದನ್ನು ನಡೆಸಲು ಕಲಿತವರು ಯಾರು, ಹೊಗೆ ಬಾರದ ಕಾಯುವ ಜಾಗ ಯಾವುದು? ನಾನು ಕೇಳಿದಾಗ ಉತ್ತರವೇ ಬರಲಿಲ್ಲ. ಅಂಥ ಕಟ್ಟಡದಲ್ಲಿ ಹಾಸ್ಟೆಲ್ ಕೋಣೆ ನೆಲಮಹಡಿಯಲ್ಲೇ ಬೇಕೆಂದು ಹಟ ಹಿಡಿಯಿರಿ.

ಕಟ್ಟಡ ಹಳೆಯದು ಎಂಬ ಕಾರಣವನ್ನು ಎರಡೂ ಕಡೆ ಕೇಳುತ್ತೀರಿ. ಆಗೆಲ್ಲ ನನಗೆ ಎಡ್ ರಾಬರ್ಟ್ಸ್ ನೆನಪಾಗುತ್ತಾರೆ. ಪೋಲಿಯೊದಿಂದ ಕತ್ತಿನ ಕೆಳಗೆ ಹೆಚ್ಚೂಕಡಿಮೆ ಚಲನೆಯೇ ಇಲ್ಲದ ಅವರು 1962ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದರು. ಅವರು ಮಲಗಬೇಕಿದ್ದ ಕಬ್ಬಿಣದ ಉಸಿರಾಟದ ಯಂತ್ರ ಯಾವ ಹಾಸ್ಟೆಲ್ ಕೋಣೆಗೂ ಹಿಡಿಸುವಂತಿರಲಿಲ್ಲ. ಕ್ಯಾಂಪಸ್ಸಿನ ಆಸ್ಪತ್ರೆಯಲ್ಲಿ ಒಂದು ಕೋಣೆ ಕೊಟ್ಟು ಅದನ್ನೇ ಅವರ ಹಾಸ್ಟೆಲ್ ಮಾಡಿದರು. ಅವರ ಹಿಂದೆಯೇ ಇನ್ನಷ್ಟು ವಿದ್ಯಾರ್ಥಿಗಳು ಬಂದರು. 1970ರ ಹೊತ್ತಿಗೆ ಅಲ್ಲಿ ಅಂಗವೈಕಲ್ಯವಿರುವ ವಿದ್ಯಾರ್ಥಿಗಳದೇ ಒಂದು ಸೇವಾ ವ್ಯವಸ್ಥೆ ಶುರುವಾಯಿತು. ಸಹಾಯಕರನ್ನು ಹುಡುಕಿಕೊಡುವುದು, ಕೆಟ್ಟ ವೀಲ್‌ಚೇರ್ ರಿಪೇರಿ ಮಾಡುವುದು ಅದರ ಕೆಲಸಗಳಲ್ಲಿ ಸೇರಿದ್ದವು. ಕುರ್ಚಿ ಕೆಟ್ಟ ದಿನ ಕಾಲೇ ಹೋದಂತೆ ಎಂಬುದು ಕುರ್ಚಿಯಲ್ಲಿ ಕೂತವರಿಗೆ ಗೊತ್ತು, ಅದಕ್ಕೇ ಅವರಿಗೆ ಅದು ಹೊಳೆಯಿತು. ನಿಮ್ಮ ಎರಡು ಕ್ಯಾಂಪಸ್‌ಗಳಲ್ಲಿ ಇಂಥ ವಿಭಾಗ ಇದ್ದರೆ, ಅದರಲ್ಲಿ ಅಂಗವೈಕಲ್ಯವಿರುವವರು ಒಬ್ಬರಾದರೂ ಕೆಲಸಕ್ಕಿದ್ದಾರಾ ನೋಡಿ.

ನಿಮ್ಮ ಪ್ರಶ್ನೆಗೆ ಹೊರತಾದರೂ ಒಂದು ಮಾತು. ಕಣ್ಣು ಕಾಣದವರಿಗೆಂದು ನೆಲದಲ್ಲಿ ಹಾಕುವ ಉಬ್ಬುಗೆರೆಯ ಹಳದಿ ಹಾಸನ್ನು ಜಪಾನಿನ ಸೈಇಚಿ ಮಿಯಾಕೆ ರೂಪಿಸಿದರು, 1967ರಲ್ಲಿ ಒಕಾಯಾಮಾದ ಅಂಧರ ಶಾಲೆಯ ಬಳಿ ಮೊದಲು ಹಾಕಿದರು. ನಮ್ಮ ಕ್ಯಾಂಪಸ್ಸಿನಲ್ಲಿ ಅದರ ಮೇಲೆಯೇ ಹೂಕುಂಡ ಜೋಡಿಸಿದ್ದರು. ನನ್ನ ಕೋಣೆಯ ಗೆಳತಿ ಎರಡು ಸಲ ಮೊಣಕಾಲು ಒಡೆದುಕೊಂಡಳು. ನೀವು ಹೋದಾಗ ಆ ಹಾಸು ಖಾಲಿ ಇದೆಯಾ ಗಮನಿಸಿ. ದಿನವೂ ನೋಡಿಕೊಳ್ಳುವವರು ಇದ್ದಾರಾ ಎಂಬುದು ಅದರಲ್ಲೇ ತಿಳಿಯುತ್ತದೆ.

ನೋಡಿ ಬಂದ ಮೇಲೆ ಎರಡೂ ಕಡೆಗೆ ಒಂದೇ ಪತ್ರ ಬರೆಯಿರಿ. ಇಂಥ ಲಿಫ್ಟ್, ಇಂಥ ಶೌಚಾಲಯ, ಇಂಥ ಕ್ಲಾಸು, ಯಾವ ತಾರೀಖಿನೊಳಗೆ ಸರಿಯಾಗುತ್ತದೆ ಎಂದು ಕೇಳಿ. ಬೇಡಿಕೊಳ್ಳುವ ದನಿ ಬೇಡ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವೈಕಲ್ಯವುಳ್ಳವರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಉನ್ನತ ಶಿಕ್ಷಣದಲ್ಲೂ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಆಗಬೇಕು ಎನ್ನುತ್ತದೆ. ನಾನಾಗಿದ್ದರೆ, ಹೊಳೆಯುವ ಹೊಸ ಕಟ್ಟಡವಿದ್ದೂ ‘ನೋಡೋಣ’ ಎಂದವರನ್ನು ಬಿಟ್ಟು, ಹಳೇ ಕಟ್ಟಡವಾದರೂ ಹೆಸರು ಮತ್ತು ತಾರೀಖು ಬರೆದು ಸಹಿ ಹಾಕಿದವರ ಕಡೆ ಹೋಗುತ್ತಿದ್ದೆ. ಉತ್ತರ ಬಂದ ಮೇಲೆ ಇಲ್ಲೇ ಹಾಕಿ, ಕೂತು ಓದಿ ನನಗೆ ತಿಳಿದಷ್ಟು ಹೇಳುತ್ತೇನೆ.