ಬೂದಿ ಹುಂಜಕ್ಕೆ ಬೂದಿ ಹೇಂಟೆ ಕೂಡಿಸಿದರೂ ಕರಿ ಮರಿ ಯಾಕೆ?

ಅಣ್ಣ, ನಿಮ್ಮ ಪ್ರಶ್ನೆಗೆ ನಾಲ್ಕು ಸಾಲಿನ ಉತ್ತರ ಸಾಲುವುದಿಲ್ಲ. ಬಿಡುವಾದಾಗ ಓದಿ. ಸಂತೆಯಿಂದ ಬೂದಿ ಬಣ್ಣದ ಒಂದು ಹುಂಜ, ಎರಡು ಹೇಂಟೆ ತಂದಿರಿ. ಮರಿ ಮಾಡಿಸಿದರೆ ಅರ್ಧದಷ್ಟು ಮಾತ್ರ ಬೂದಿ. ಉಳಿದವು ಕೆಲವು ಅಚ್ಚ ಕಪ್ಪು, ಕೆಲವು ಬೆಳ್ಳನೆ ಮೈ, ಅದರ ಮೇಲೆ ಬೂದಿ ಚುಕ್ಕೆ. ಮಾರಿದವನು ಮೋಸ ಮಾಡಿದನಾ ಅಂತ ಕೇಳಿದ್ದೀರಿ. ಪಕ್ಕದ ತೋಟದ ಬೋಳು ಕತ್ತಿನ ಕಂದು ಹೇಂಟೆ ಸೇರಿಸಿ ‘ಬೂದಿ ಬೋಳುಕತ್ತು’ ಅಂತ ಸ್ವಂತ ತಳಿ ಮಾಡಲು ಎಷ್ಟು ವರ್ಷ ಬೇಕು ಅಂತಲೂ ಕೇಳಿದ್ದೀರಿ.

ಮೋಸ ಏನೂ ಆಗಿಲ್ಲ. ಆ ಬಣ್ಣದ ಗುಣವೇ ಹಾಗೆ. ಹೊರಗಿನವರು ಬ್ಲೂ ಅಂತ ಕರೆಯುವುದು ಇದನ್ನೇ. ಪ್ರತಿ ಮರಿಗೂ ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಬರುತ್ತದೆ ಅಲ್ವಾ. ಕಪ್ಪು ಕೋಳಿಗೆ ಬ್ಲೂ ಜೀನ್ ಒಂದು ಪಾಲು ಬಂದರೆ ಬೂದಿ. ಎರಡೂ ಕಡೆಯಿಂದ ಬಂದರೆ ಬಣ್ಣ ಇನ್ನೂ ತೆಳುವಾಗಿ, ಬಿಳಿ ಮೇಲೆ ಚುಕ್ಕೆ. ಇದಕ್ಕೆ ಸ್ಪ್ಲ್ಯಾಶ್ ಅನ್ನುತ್ತಾರೆ. ಎಲ್ಲಿಂದಲೂ ಬರದಿದ್ದರೆ ಕಪ್ಪು. ಹಾಗಾಗಿ ಬೂದಿಗೆ ಬೂದಿ ಕೂಡಿಸಿದರೆ 100 ಮರಿಯಲ್ಲಿ ಸುಮಾರು 50 ಬೂದಿ, 25 ಕಪ್ಪು, 25 ಸ್ಪ್ಲ್ಯಾಶ್. ನೀವು ಹತ್ತು ತಲೆಮಾರು ಬರೀ ಬೂದಿಯನ್ನೇ ಆರಿಸಿಕೊಂಡು ಹೋದರೂ ಈ ಲೆಕ್ಕ ಅಲ್ಲಾಡುವುದಿಲ್ಲ.

ಯುರೋಪಿನಲ್ಲಿ ಆಂಡಲೂಶಿಯನ್ ಅನ್ನುವ ಬೂದಿ ಕೋಳಿ ಸಾಕುವವರು ವರ್ಷಗಟ್ಟಲೆ ಇದೇ ಜಗ್ಗಾಟ ಮಾಡಿದರು. ಕಪ್ಪು ಮತ್ತು ಬೆಳ್ಳನೆ ಮರಿಗಳನ್ನು ಕಸ ಅಂತ ತೆಗೆದುಹಾಕುತ್ತಿದ್ದರು. 1900ರ ನಂತರ ಇಂಗ್ಲೆಂಡಿನ ವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನೆಟ್, ಹೆತ್ತವರ ಗುಣ ಮರಿಗೆ ಹೇಗೆ ಬರುತ್ತದೆ ಅನ್ನುವ ಮೆಂಡೆಲನ ಲೆಕ್ಕವನ್ನು ಕೋಳಿಗೆ ಹಾಕಿ ನೋಡಿದಾಗ ಗುಟ್ಟು ಹೊರಬಿತ್ತು. ಬೂದಿ ಮರಿಯೇ ಬೇಕು ಅಂದರೆ ಆ ಎರಡು ಕಸಗಳನ್ನೇ ಕೂಡಿಸಬೇಕು. ಕಪ್ಪಿಗೆ ಸ್ಪ್ಲ್ಯಾಶ್ ಬಿಟ್ಟರೆ ಹುಟ್ಟುವ ಅಷ್ಟೂ ಮರಿ ಬೂದಿ.

ಆದ್ದರಿಂದ ಸಂತೆಗೆ ಹಾಕ್ತೀನಿ ಅಂದಿರಲ್ಲ, ಆ ಬೆಳ್ಳನೆ ಹುಂಜ ಮರಿ, ಅದನ್ನು ದಯವಿಟ್ಟು ಮಾರಬೇಡಿ. ನಿಮ್ಮ ಹಿತ್ತಲಲ್ಲಿ ಈಗ ಅದಕ್ಕಿಂತ ಬೆಲೆಬಾಳುವ ಕೋಳಿ ಇನ್ನೊಂದಿಲ್ಲ. ಬ್ಲೂ ಇಲ್ಲದ ಹೇಂಟೆಗೆ ಬೂದಿ ಹುಂಜ ಬಿಟ್ಟರೆ ಅರ್ಧ ಮರಿಗೆ ಮಾತ್ರ ಬ್ಲೂ ಸಿಗುತ್ತದೆ. ಸ್ಪ್ಲ್ಯಾಶ್ ಹುಂಜ ಬಿಟ್ಟರೆ ಎಲ್ಲ ಮರಿಗೂ ಸಿಗುತ್ತದೆ.

ಗುಂಪಿನ ಬೇರೆಯವರಿಗೂ ಒಂದು ಮಾತು. ಬೂದಿಯಾಗಿ ಕಾಣುವುದೆಲ್ಲ ಬ್ಲೂ ಅಲ್ಲ. ಲ್ಯಾವೆಂಡರ್ ಅಂತ ಇನ್ನೊಂದು ಇದೆ. ಅದು ಮೈತುಂಬ ಒಂದೇ ಸಮ, ಇನ್ನೂ ತೆಳು ಬೂದಿ. ಗರಿಯ ಅಂಚಿನಲ್ಲಿ ಕಡು ಗೆರೆ ಇರುವುದಿಲ್ಲ. ಅನುಮಾನ ಇದ್ದರೆ ಕಪ್ಪು ಕೋಳಿಗೆ ಕೂಡಿಸಿ ನೋಡಿ. ಅರ್ಧ ಮರಿ ಬೂದಿ ಬಂದರೆ ಬ್ಲೂ, ಎಲ್ಲವೂ ಕಪ್ಪು ಬಂದರೆ ಲ್ಯಾವೆಂಡರ್ ಇರಬೇಕು. ಲ್ಯಾವೆಂಡರ್‌ಗೆ ಲ್ಯಾವೆಂಡರ್ ಕೂಡಿಸಿದರೆ ಪೂರ್ತಿ ಅದೇ ಬರುತ್ತದೆ. ಈ ಅಣ್ಣನಿಗೆ ಸ್ಪ್ಲ್ಯಾಶ್ ಹುಟ್ಟಿದೆ ಅಂದಮೇಲೆ ಅನುಮಾನವೇ ಇಲ್ಲ, ಅದು ಬ್ಲೂ.

ಈಗ ಬೋಳು ಕತ್ತಿಗೆ ಬರೋಣ. ಇದೊಂದು ಒಳ್ಳೆಯ ಗುಣ, ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದು. ಒಂದು ಪಾಲು ಇದ್ದರೆ ಮೈಮೇಲಿನ ಗರಿ ಸುಮಾರು ಶೇ 20ರಿಂದ 30ರಷ್ಟು ಕಡಿಮೆ, ಎರಡು ಪಾಲು ಇದ್ದರೆ ಸುಮಾರು ಶೇ 40 ಕಡಿಮೆ. ಬಿಸಿ ಬೇಗ ಹೊರಗೆ ಹೋಗುತ್ತದೆ. ಬರೇಲಿ ಹತ್ತಿರದ ಇಜ್ಜತ್‌ನಗರದ ಕೇಂದ್ರ ಪಕ್ಷಿ ಸಂಶೋಧನಾ ಸಂಸ್ಥೆಯವರು ಇದೇ ಗುಣ ಇಟ್ಟುಕೊಂಡು ಹಿತ್‌ಕ್ಯಾರಿ ಅನ್ನುವ ಹಿತ್ತಲ ಕೋಳಿ ಮಾಡಿದ್ದಾರೆ. ಇನ್ನೊಂದು ಅನುಕೂಲ, ಇದರಲ್ಲಿ ಒಂದು ಪಾಲೋ ಎರಡು ಪಾಲೋ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಕತ್ತಿನ ಮುಂದೆ, ಎದೆಯ ಮೇಲ್ಭಾಗದಲ್ಲಿ ಗರಿಯ ಒಂದು ಗೊಂಚಲು ಇದ್ದರೆ ಒಂದು ಪಾಲು. ಗೊಂಚಲು ಇಲ್ಲದೆ ಪೂರ್ತಿ ಬೋಳಾಗಿದ್ದರೆ ಎರಡು ಪಾಲು. ಮೊಟ್ಟೆಯೊಡೆದು ಬಂದ ದಿನವೇ ನೋಡಬಹುದು. ಬ್ಲೂ ಹಾಗಲ್ಲ, ಬೋಳು ಕತ್ತು ಎರಡು ಪಾಲಿದ್ದಾಗಲೂ ಬೋಳು ಕತ್ತೇ. ಆದ್ದರಿಂದ ಅದನ್ನು ಖಾಯಂ ಮಾಡಬಹುದು.

ನಿಮ್ಮ ಯೋಜನೆಯ ತಿರುಳು ಇಷ್ಟೇ ಅಣ್ಣ. ಖಾಯಂ ಆಗುವುದನ್ನು ಖಾಯಂ ಮಾಡಿ, ಆಗದೇ ಇರುವುದರ ಜೊತೆ ಗುದ್ದಾಡಬೇಡಿ. ಬೂದಿ ಬೋಳುಕತ್ತಿನ ಒಂದೇ ಹಿಂಡು ಕಟ್ಟಲು ಹೋಗುವ ಬದಲು ಎರಡು ಹಿಂಡು ಕಟ್ಟಿ. ಒಂದು ಕಪ್ಪು ಬೋಳುಕತ್ತು, ಇನ್ನೊಂದು ಸ್ಪ್ಲ್ಯಾಶ್ ಬೋಳುಕತ್ತು. ಎರಡನ್ನೂ ಕೂಡಿಸಿದಾಗ ಬರುವ ಪ್ರತಿ ಮರಿಯೂ ಬೂದಿ ಬೋಳುಕತ್ತು. ಮಾರಲು ಆ ಮರಿ, ಉಳಿಸಿಕೊಳ್ಳಲು ಈ ಎರಡು ಹಿಂಡು.

ನಿಜವಾದ ತಲೆನೋವು ಬೇರೆ ಕಡೆ ಇದೆ. ಬ್ಲೂ ಜೀನ್ ಕಪ್ಪನ್ನು ಮಾತ್ರ ಬೂದಿ ಮಾಡುತ್ತದೆ, ಕೆಂಪು ಕಂದು ಬಣ್ಣವನ್ನು ಹೆಚ್ಚುಕಡಿಮೆ ಹಾಗೇ ಬಿಡುತ್ತದೆ. ಪಕ್ಕದ ತೋಟದ ಹೇಂಟೆ ಕಂದು ಅಂದಿರಿ. ಅದರ ಮರಿಗಳಲ್ಲಿ ಮೈ ಬೂದಿ ಇದ್ದರೂ ಹುಂಜಗಳ ಕತ್ತಿನ ಬುಡ, ಬೆನ್ನು, ರೆಕ್ಕೆ ಮೇಲೆ ಚಿನ್ನದ ಬಣ್ಣ ಇಣುಕುತ್ತದೆ. ಅದನ್ನು ತೆಗೆಯುವುದೇ ಈ ಕೆಲಸದ ಉದ್ದವಾದ ಭಾಗ. ಮರಿಯಲ್ಲೇ ಒಂದು ಜರಡಿ ಹಿಡಿಯಬಹುದು. ಬೆನ್ನ ಮೇಲೆ ಅಳಿಲು ಗೆರೆ ಇರುವ ಮರಿ ಕಪ್ಪು ತಳಹದಿಯದ್ದಲ್ಲ, ಅದನ್ನು ಆಗಲೇ ಬೇರೆ ಮಾಡಿ. ಗೆರೆ ಇಲ್ಲದವುಗಳಲ್ಲೂ ಕಪ್ಪಿನ ಜೊತೆ ಕಂದು ಗುಣ ಇಟ್ಟುಕೊಂಡ ಅರ್ಧಂಬರ್ಧದವು ಇರುತ್ತವೆ. ಹೇಂಟೆಗಳು ಅದನ್ನು ಚೆನ್ನಾಗಿ ಮುಚ್ಚಿಡುತ್ತವೆ, ಹುಂಜಗಳು ತೋರಿಸಿಬಿಡುತ್ತವೆ. ಆದ್ದರಿಂದ ಹುಂಜಗಳನ್ನು ಕತ್ತಿನ ಉದ್ದ ಗರಿ ಪೂರ್ತಿ ಬರುವ ತನಕ, ಅಂದರೆ ಐದಾರು ತಿಂಗಳು, ಇಟ್ಟುಕೊಂಡು ಆಮೇಲೆ ಆರಿಸಿ. ಮೂರು ತಿಂಗಳಿಗೇ ಒಳ್ಳೆಯ ರೇಟು ಸಿಕ್ಕಿತು ಅಂತ ಎಲ್ಲ ಹುಂಜ ಮಾರಿದರೆ ಆ ತಲೆಮಾರಿನ ಕೆಲಸ ಅರ್ಧ ಹಾಳು.

ಕೂಡಿಸುವ ಕ್ರಮ ಹೀಗೆ. ಮೊದಲ ವರ್ಷ ಸ್ಪ್ಲ್ಯಾಶ್ ಹುಂಜಕ್ಕೆ ಬೋಳು ಕತ್ತಿನ ಹೇಂಟೆ. ಆ ಹೇಂಟೆಗೆ ಕತ್ತಿನ ಮುಂದೆ ಗೊಂಚಲು ಇದ್ದರೆ ಅರ್ಧ ಮರಿ ಮಾತ್ರ ಬೋಳು ಕತ್ತು, ಅವನ್ನು ಉಳಿಸಿ. ಎರಡನೇ ವರ್ಷ ಆ ಬೋಳು ಕತ್ತಿನವನ್ನು ನಿಮ್ಮ ಹಳೆಯ ಸಾಲಿನ ಕಪ್ಪು ಮತ್ತು ಸ್ಪ್ಲ್ಯಾಶ್ ಕೋಳಿಗಳಿಗೆ ಮತ್ತೆ ಕೂಡಿಸಿ, ಕಂದು ರಕ್ತ ತೆಳುವಾಗಲಿ. ಮೂರನೇ ವರ್ಷ ಬೋಳು ಕತ್ತಿಗೆ ಬೋಳು ಕತ್ತು ಕೂಡಿಸಿ. ಆಗ ನಾಲ್ಕರಲ್ಲಿ ಒಂದು ಮರಿಗೆ ಎರಡು ಪಾಲು ಬರುತ್ತದೆ. ಅದರಲ್ಲಿ ಅರ್ಧ ಹುಂಜ, ಅರ್ಧ ಹೇಂಟೆ. ಅಂದರೆ ಪೂರ್ತಿ ಬೋಳು ಕತ್ತಿನ ಹೇಂಟೆ ಎಂಟಕ್ಕೆ ಒಂದು. ಚಿನ್ನದ ಗರಿ ಇಲ್ಲದ್ದು, ಕಾಲು ನೆಟ್ಟಗಿದ್ದದ್ದು, ತೂಕ ಇದ್ದದ್ದು ಅಂತ ಆರಿಸಲು ಹೊರಟರೆ ಎಂಟು ಹೇಂಟೆಗೆ ನೂರಕ್ಕಿಂತ ಹೆಚ್ಚು ಮರಿ ಬೇಕು. ನಾಲ್ಕು, ಐದನೇ ವರ್ಷ ಬಣ್ಣ ಶುದ್ಧ ಮಾಡುವುದಕ್ಕೆ. ವರ್ಷಕ್ಕೆ ಒಂದು ತಲೆಮಾರು ಅಂತ ಇಟ್ಟುಕೊಂಡರೆ ಐದು ವರ್ಷ ಸರಿಯಾದ ಅಂದಾಜು. ಒಂದು ವರ್ಷದಲ್ಲಿ ಹೊಸ ತಳಿ ರೆಡಿ ಅಂತ ವಿಡಿಯೊ ಹಾಕುವವರನ್ನು ನಂಬಬೇಡಿ.

ಅದಕ್ಕೇ ನಾನು ಬಣ್ಣದ ಬಗ್ಗೆ ಕೇಳುವವರಿಗೆ ಮೊದಲು ಕೇಳುವುದು, ಬೇಡದ ಹುಂಜಗಳನ್ನು ಏನು ಮಾಡುತ್ತೀರಿ ಅಂತ. ಹುಟ್ಟಿದ್ದರಲ್ಲಿ ಹತ್ತಕ್ಕೆ ಎಂಟು, ಒಂಬತ್ತು ನಿಮ್ಮ ಯೋಜನೆಗೆ ಬೇಡದವೇ. ಅವುಗಳ ಮೇವಿನ ಖರ್ಚು ಎಲ್ಲಿಂದ ಬರುತ್ತದೆ? ನಿಮ್ಮ ಊರಲ್ಲಿ ನಾಟಿ ಹುಂಜಕ್ಕೆ ಬೇಡಿಕೆ ಇದ್ದರೆ ಚಿಂತೆ ಇಲ್ಲ, ಹಬ್ಬದ ಹೊತ್ತಿಗೆ ಖಾಲಿ. ಬೋಳು ಕತ್ತು ನೋಡಿ ಕಾಯಿಲೆ ಕೋಳಿ ಅಂತ ಮೂಗು ಮುರಿಯುವ ಗಿರಾಕಿಗಳೂ ಇದ್ದಾರೆ. ಒಂದು ಸಲ ಮಾರಿ ನೋಡಿ, ಆಮೇಲೆ ನೂರು ಮೊಟ್ಟೆ ಇಡಿ.

ಲೆಕ್ಕ ಬರೆಯದೆ ಈ ಕೆಲಸಕ್ಕೆ ಕೈಹಾಕಬೇಡಿ. ಮೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಖು ಮತ್ತು ಯಾವ ಗೂಡು ಅಂತ ಬರೆಯಿರಿ. ಇನ್ಕ್ಯುಬೇಟರ್‌ನಲ್ಲಿ 18ನೇ ದಿನದ ನಂತರ ಒಂದೊಂದು ಗೂಡಿನ ಮೊಟ್ಟೆಯನ್ನು ಬೇರೆ ಬೇರೆ ಬುಟ್ಟಿಯಲ್ಲಿಡಿ, ಇಲ್ಲದಿದ್ದರೆ 21ನೇ ದಿನ ಎಲ್ಲ ಮರಿ ಒಂದೇ ರಾಶಿ. ಮರಿ ಒಣಗಿದ ಕೂಡಲೇ ಬಣ್ಣದ ಕೇಬಲ್ ಟೈ ಕಾಲಿಗೆ ಸಡಿಲವಾಗಿ ಹಾಕಿ. ಬೆಳೆದಂತೆ ಬದಲಾಯಿಸಲೇಬೇಕು, ಮರೆತರೆ ಕಾಲಿಗೆ ಕಚ್ಚಿಕೊಂಡು ಗಾಯವಾಗುತ್ತದೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಹುಂಜ ಬದಲಾಯಿಸಿದ ಮೇಲೂ ಹಳೆಯ ಹುಂಜದ ವೀರ್ಯ ಹೇಂಟೆಯ ಹೊಟ್ಟೆಯಲ್ಲಿ ಎರಡು ಮೂರು ವಾರ ಉಳಿಯುತ್ತದೆ. ಆದ್ದರಿಂದ ಹೇಂಟೆಯನ್ನು ಮೂರು ವಾರ ಒಂಟಿಯಾಗಿ ಇಟ್ಟು, ಆಮೇಲೆ ಹೊಸ ಹುಂಜ ಬಿಟ್ಟು, ಅದರ ನಂತರದ ಮೊಟ್ಟೆ ಮಾತ್ರ ಕಾವಿಗೆ ಇಡಿ. ಈ ಗ್ರೂಪಿನಲ್ಲಿ ಬರುವ ‘ಎಲ್ಲಿಂದ ಬಂತು ಈ ಬಣ್ಣ’ ಫೋಟೊಗಳಲ್ಲಿ ಎಷ್ಟೋ ಇದೇ ಕಥೆ.

ಒಂದೇ ಹುಂಜದ ಮೇಲೆ ಇಡೀ ತಳಿ ನಿಲ್ಲಿಸಬೇಡಿ. ಒಂದು ಹುಂಜ, ಹತ್ತು ಹೇಂಟೆ ಇಟ್ಟರೆ ನೋಡಲು 11 ಕೋಳಿ. ಆದರೆ ಎಲ್ಲ ಮರಿಗೂ ಅಪ್ಪ ಒಬ್ಬನೇ, ಹಾಗಾಗಿ ರಕ್ತಸಂಬಂಧದ ಲೆಕ್ಕದಲ್ಲಿ ಅದು ನಾಲ್ಕಕ್ಕಿಂತ ಕಡಿಮೆ ಕೋಳಿಗೆ ಸಮ. ಅದೇ ಹತ್ತು ಹೇಂಟೆಗೆ ಮೂರು ಹುಂಜ ಇಟ್ಟರೆ ಒಂಬತ್ತಕ್ಕೆ ಸಮ. ಒಳಸಂಬಂಧ ಹೆಚ್ಚಾದರೆ ಮೊದಲು ಪೆಟ್ಟು ಬೀಳುವುದು ಮರಿಯಾಗುವ ಪ್ರಮಾಣಕ್ಕೆ, ಆಮೇಲೆ ಮರಿಗಳ ಉಳಿವಿಗೆ. ಸುಲಭದ ದಾರಿ ಮೂರು ಗೂಡು. ಹೆಣ್ಣು ಮರಿ ತಾಯಿಯ ಗೂಡಿನಲ್ಲೇ ಉಳಿಯಲಿ, ಗಂಡು ಮರಿ ಪ್ರತಿ ವರ್ಷ ಪಕ್ಕದ ಗೂಡಿಗೆ ಹೋಗಲಿ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ. ಹೊರಗಿನ ರಕ್ತ ತರದೆ ಸಾಕಷ್ಟು ವರ್ಷ ತಳ್ಳಬಹುದು.

ನಿಮ್ಮ ಪ್ರಶ್ನೆಯ ಕೆಳಗೆ ಗ್ರೂಪಿನ ಇಬ್ಬರು ಸಲಹೆ ಕೊಟ್ಟಿದ್ದಾರೆ. ಗಿರಿರಾಜ ಸೇರಿಸಿ, ತೂಕ ಬರುತ್ತದೆ ಅಂತ ಒಬ್ಬರು. ಹೆಬ್ಬಾಳದಲ್ಲಿ ತಯಾರಾದ ಗಿರಿರಾಜ ಒಳ್ಳೆಯ ಕೋಳಿ, ಆದರೆ ಅದು ಮಿಶ್ರತಳಿ. ಅದರ ಮರಿ ಅದರ ಹಾಗೇ ಇರುವುದಿಲ್ಲ, ಮೈಬಣ್ಣವೂ ನಾನಾ ಥರ. ಬಣ್ಣದ ಕೆಲಸಕ್ಕೆ ಅದನ್ನು ತಂದರೆ ಎರಡು ವರ್ಷ ಹಿಂದಕ್ಕೆ ಹೋದ ಹಾಗೆ. ಬಿಳಿ ಲೆಗ್‌ಹಾರ್ನ್ ಅಂತೂ ಬೇಡವೇ ಬೇಡ. ಅದರ ಬಿಳಿ ಕಪ್ಪನ್ನು ಮುಚ್ಚಿಬಿಡುತ್ತದೆ, ಒಳಗೆ ಏನಿದೆ ಅಂತ ಗೊತ್ತೇ ಆಗುವುದಿಲ್ಲ.

ಕಡಕ್‌ನಾಥ್ ಸೇರಿಸಿದರೆ ಚರ್ಮವೂ ಕಪ್ಪಾಗುತ್ತದೆ ಅಂತ ಇನ್ನೊಬ್ಬರು. ಆಗುತ್ತದೆ, ಆದರೆ ಯಾವ ಕಡೆಯಿಂದ ಅನ್ನುವುದು ಮುಖ್ಯ. ಚರ್ಮದ ಕಪ್ಪನ್ನು ತಡೆಯುವ ಜೀನ್ ಲಿಂಗದ ಕ್ರೋಮೊಸೋಮಿನಲ್ಲಿದೆ. ಕೋಳಿಯಲ್ಲಿ ಹೇಂಟೆ ಮರಿಗೆ ಆ ಕ್ರೋಮೊಸೋಮು ಅಪ್ಪನಿಂದ ಮಾತ್ರ ಬರುತ್ತದೆ. ಕಡಕ್‌ನಾಥ್ ಹುಂಜಕ್ಕೆ ಬಿಳಿ ಅಥವಾ ಹಳದಿ ಕಾಲಿನ ಹೇಂಟೆ ಕೂಡಿಸಿದರೆ ಹೆಣ್ಣು ಮರಿ ಕಪ್ಪು ಚರ್ಮದ್ದು, ಗಂಡು ತೆಳು. ತಿರುಗಾಮುರುಗಾ ಮಾಡಿದರೆ ಎರಡೂ ತೆಳು. ಮಾಡುವುದಾದರೆ ಬೇರೆ ಯೋಜನೆಯಾಗಿ ಮಾಡಿ, ಇದರೊಳಗೆ ತುರುಕಬೇಡಿ. ಮತ್ತೆ ಆ ಮಿಶ್ರಣವನ್ನು ಕಡಕ್‌ನಾಥ್ ಅಂತ ಮಾರಬೇಡಿ. ಮಧ್ಯಪ್ರದೇಶದ ಝಾಬುವಾದ ಆ ಕೋಳಿಯ ಮಾಂಸಕ್ಕೆ 2018ರಲ್ಲಿ ಜಿಐ, ಅಂದರೆ ಆ ಊರಿನದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ.

ಹವ್ಯಾಸಿ ಮಟ್ಟದಲ್ಲಿ ತಳಿ ಕಟ್ಟಿದವರಲ್ಲಿ ನನಗೆ ಇಷ್ಟವಾದದ್ದು ಕೆನಡಾದ ಕ್ವೆಬೆಕ್‌ನ ಓಕಾ ಅನ್ನುವಲ್ಲಿದ್ದ ಒಬ್ಬ ಕ್ರೈಸ್ತ ಸನ್ಯಾಸಿ, ಬ್ರದರ್ ವಿಲ್‌ಫ್ರಿಡ್. ಅಲ್ಲಿನ ಚಳಿಗೆ ಕೋಳಿಗಳ ಜುಟ್ಟು ಹೆಪ್ಪುಗಟ್ಟುತ್ತಿತ್ತು. ಅವರಿಗೆ ಬೇಕಿದ್ದದ್ದು ಒಂದೇ, ಜುಟ್ಟು ಮತ್ತು ಕೆಳಗಿನ ಜೋಲು ತೀರಾ ಚಿಕ್ಕದಿರುವ, ಚಳಿಗಾಲದಲ್ಲೂ ಮೊಟ್ಟೆ ಇಡುವ ಕೋಳಿ. 1908ರ ಹೊತ್ತಿಗೆ ಶುರು ಮಾಡಿ ನಾಲ್ಕೈದು ತಳಿ ಬೆರೆಸಿ, 1918ರಲ್ಲಿ ಜನರ ಮುಂದೆ ತಂದರು. ಅದೇ ಶಾಂಟೆಕ್ಲೇರ್. ಅವರು ಬೆರೆಸಿದ್ದರಲ್ಲಿ ಕಾರ್ನಿಶ್ ಒಂದು, ಆ ಕಾರ್ನಿಶ್ ಒಳಗೆ ಇಲ್ಲಿಂದ ಇಂಗ್ಲೆಂಡಿಗೆ ಹೋದ ನಮ್ಮ ಕಾಳಗದ ಕೋಳಿ ಅಸೀಲ್ ರಕ್ತ ಇದೆ. ಹತ್ತು ವರ್ಷ ಅವರು ಹಿಡಿದುಕೊಂಡ ಗುರಿ ಒಂದೇ ಅನ್ನುವುದನ್ನು ಗಮನಿಸಿ. ನಿಮಗೂ ಹಾಗೆ ಒಂದು ಇರಲಿ. ಬಿಸಿಲು ತಡೆಯುವ, ತಾನೇ ಕಾವು ಕೂರುವ ಕೋಳಿ ಬೇಕು ಅಂದರೆ ಆರಿಸುವಾಗ ಅದಕ್ಕೆ ಮೊದಲ ಜಾಗ, ಬೂದಿಗೆ ಎರಡನೆಯದು. ಚೆಂದದ ಬೂದಿ ಹೇಂಟೆ ಮೊಟ್ಟೆ ಕಡಿಮೆ ಇಟ್ಟರೆ ಅದನ್ನು ಉಳಿಸಿಕೊಳ್ಳುವ ಆಸೆ ಬರುತ್ತದೆ. ಬಿಡಿ.

ನಿಮ್ಮ ಪ್ರಯೋಗದ ಹುಂಜಗಳು ಬೇಲಿ ಒಳಗೇ ಇರಲಿ. ಊರಿನ ಹಳೆಯ ನಾಟಿ ಕೋಳಿಗೆ ಬೆರಕೆ ಆದರೆ ಮತ್ತೆ ಬಿಡಿಸಲು ಬರುವುದಿಲ್ಲ. ಕೋಲಾರದ ಕಡೆ ಇದ್ದವರು ಇದನ್ನು ಇನ್ನೂ ಜಾಸ್ತಿ ನೋಡಿಕೊಳ್ಳಬೇಕು, ಅಲ್ಲಿನ ಘಾಗಸ್ ದೇಶದ ಮಾನ್ಯತೆ ಪಡೆದ ಸ್ಥಳೀಯ ತಳಿಗಳಲ್ಲಿ ಒಂದು. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಎಲ್ಲ ಮರಿಗೂ ಹಾಕಿಸಿ, ಮಾರುವ ಮರಿಗೂ ಸೇರಿ. ಬೋಳು ಕತ್ತಿನ ಮರಿಗೆ ಮಳೆಗಾಲದಲ್ಲಿ ಬಿಸಿ ಕೊಡುವ ಬ್ರೂಡರ್ ಬಲ್ಬು ಒಂದೆರಡು ವಾರ ಜಾಸ್ತಿ ಬೇಕಾಗಬಹುದು. ಮರಿಗಳು ಬಲ್ಬಿನ ಕೆಳಗೆ ಒತ್ತಿಕೊಂಡು ಕೂತಿದ್ದರೆ ಚಳಿ ಅಂತ ಅರ್ಥ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಪಕ್ಕದ ತೋಟದ ಆ ಹೇಂಟೆಯ ಕತ್ತಿನ ಮುಂಭಾಗದ ಫೋಟೊ ಹಗಲು ಬೆಳಕಿನಲ್ಲಿ ತೆಗೆದು ಇಲ್ಲಿ ಹಾಕಿ, ಕಾಲಿನ ಬಣ್ಣವೂ ಕಾಣಲಿ. ಗೊಂಚಲು ಇದೆಯೋ ಇಲ್ಲವೋ ನೋಡಿದರೆ ಮೊದಲ ಸಲ ಎಷ್ಟು ಮೊಟ್ಟೆ ಇಡಬೇಕು ಅಂತ ಹೇಳಬಹುದು.