ಪ್ರಾರ್ಥನಾ ಕೂಟಕ್ಕೆ ಹೋದ ಮೇಲೆ ಅಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದಾರೆ: ಪ್ರತಿಕ್ರಿಯೆ

ಮಾತ್ರೆ ನುಂಗಿದರೆ ದೇವರನ್ನು ನಂಬಿದಂತಾಗುವುದಿಲ್ಲ ಎಂಬ ಮಾತು ಕೂಟದಲ್ಲಿ ಯಾರದೋ ಬಾಯಿಂದ ನಿಮ್ಮ ತಾಯಿಯ ಕಿವಿಗೆ ಬಿದ್ದಿರಬೇಕು. ಮಾತ್ರೆಯಿಂದ ಹೊಟ್ಟೆ ಕೆಟ್ಟು, ಹೇಳಿಕೊಳ್ಳಲಾಗದೆ ಬಿಟ್ಟಿರಲೂಬಹುದು, ಕೇಳಿ ನೋಡಿ. ಮೊದಲು ಇಂದೇ ಸಕ್ಕರೆ ಪರೀಕ್ಷೆ ಮಾಡಿಸಿ. ವಾಂತಿ, ಮಂಪರು ಇದ್ದರೆ ವಾದಕ್ಕೆ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಆಮೇಲೆ ಸತ್ಯವೇದದಲ್ಲಿ, ಅಂದರೆ ಬೈಬಲ್‌ನಲ್ಲಿ, ಎರಡನೆಯ ಅರಸುಗಳು ಎಂಬ ಪುಸ್ತಕದ 20ನೇ ಅಧ್ಯಾಯವನ್ನು ಅವರಿಂದಲೇ ಓದಿಸಿ. ಸಾಯುವಷ್ಟು ಕಾಯಿಲೆ ಬಿದ್ದಿದ್ದ ಯೆಹೂದದ ಅರಸ ಹಿಜ್ಕೀಯನಿಗೆ ಇನ್ನೂ 15 ವರ್ಷ ಆಯುಸ್ಸು ಕೊಡುತ್ತೇನೆಂದು ದೇವರು ಮಾತು ಕೊಟ್ಟ ಮೇಲೂ ಪ್ರವಾದಿ ಯೆಶಾಯನು ಅವನ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸಿದ. ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ಕಟ್ಟಿಸಿದವರೂ ಪ್ರಾರ್ಥಿಸುವವರೇ ಅಲ್ಲವೇ! ನಿಮ್ಮ ಮಾತು ನಾಟದಿದ್ದರೆ ಸಭಾಪಾಲಕರಿಂದ (ಪಾದ್ರಿಯಿಂದ) ಹೇಳಿಸಿ.

ನನ್ನ ತಂದೆಯ ಮಾತ್ರೆಗಳನ್ನು ಸತ್ಯವೇದದ ಪುಟಗಳ ನಡುವೆಯೇ ಇಟ್ಟಿದ್ದೆ. ಬೆಳಗಿನ ಪ್ರಾರ್ಥನೆಗೆ ತೆರೆದರೆ ಕೈಗೇ ಸಿಗುತ್ತಿತ್ತು. ಹಳೆಯ ಪ್ರಮಾಣದಲ್ಲೇ ಮತ್ತೆ ಶುರುಮಾಡಬಹುದೇ ಎಂದು ಮಾತ್ರ ವೈದ್ಯರನ್ನು ಕೇಳಿಕೊಳ್ಳಿ.