ನೈಟ್ ಮೋಡ್ ಹಾಕಿದರೂ ಮಗಳಿಗೆ ನಿದ್ದೆ ಯಾಕೆ ಬರುತ್ತಿಲ್ಲ?

ನಿಮ್ಮ ಎಂಟು ವರ್ಷದ ಮಗಳು ಮಲಗುವ ಮುಂಚೆ ಟ್ಯಾಬ್ ನೋಡುತ್ತಾಳೆ, ನೈಟ್ ಮೋಡ್ ಹಾಕಿ ಕೊಟ್ಟರೂ ನಿದ್ದೆ ಬರುವುದು ತಡ, ಬೆಳಿಗ್ಗೆ ಎದ್ದರೆ ಸಿಡಿಮಿಡಿ ಅಂತ ಬರೆದಿದ್ದೀರಿ. ನೈಟ್ ಮೋಡ್ ಒಂದನ್ನೇ ನಂಬಬೇಡಿ. ಅದು ಪರದೆಯನ್ನು ಹಳದಿಯಾಗಿಸಿ ನೀಲಿ ಬೆಳಕನ್ನು ಸ್ವಲ್ಪ ಕಡಿಮೆ ಮಾಡುತ್ತದೆ, ಅಷ್ಟೇ.

ಕತ್ತಲಾದಾಗ ಮೆದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನ್ ಏರುತ್ತದೆ. ಮಲಗುವ ಹೊತ್ತಾಯಿತು ಎಂದು ದೇಹಕ್ಕೆ ತಿಳಿಯುವುದು ಅದರಿಂದ. ಬೆಳಕು, ಅದರಲ್ಲೂ ನೀಲಿ ಬೆಳಕು, ಅದನ್ನು ತಡೆಯುತ್ತದೆ. ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಕಣ್ಣೊಳಗಿನ ಮಸೂರ (ಲೆನ್ಸ್) ತಿಳಿಯಾಗಿರುತ್ತದೆ. ಹಾಗಾಗಿ ಅದೇ ಬೆಳಕು ನಮಗಿಂತ ಅವರಿಗೆ ಜಾಸ್ತಿ ತಟ್ಟುತ್ತದೆ. ಆದರೆ ನನಗನಿಸುವಂತೆ, ಬೆಳಕಿಗಿಂತ ದೊಡ್ಡ ತೊಂದರೆ ಅವಳು ಏನು ನೋಡುತ್ತಾಳೆ ಎನ್ನುವುದು. ಗೇಮ್, ತಾನಾಗಿಯೇ ಶುರುವಾಗುವ ಮುಂದಿನ ವಿಡಿಯೊ, ಇವೆಲ್ಲ ಮನಸ್ಸನ್ನು ಎಚ್ಚರವಾಗಿಡುತ್ತವೆ. ಪರದೆ ಹಳದಿಯಾದ ಮಾತ್ರಕ್ಕೆ ಆ ಕುತೂಹಲ ಇಳಿಯುವುದಿಲ್ಲ, ಅಲ್ವಾ?

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಅದು ಸಾಲದಿದ್ದರೆ ಎಷ್ಟೋ ಮಕ್ಕಳು ದೊಡ್ಡವರ ಹಾಗೆ ತೂಕಡಿಸುವುದಿಲ್ಲ. ಹಟ, ಅಳು, ಚಡಪಡಿಕೆ ಕಾಣುತ್ತದೆ, ಓದಿನಲ್ಲಿ ಗಮನ ನಿಲ್ಲುವುದಿಲ್ಲ. ನೀವು ಹೇಳಿದ ಸಿಡಿಮಿಡಿಯೂ ಅದೇ ಇರಬಹುದು. ದಯವಿಟ್ಟು ಅದಕ್ಕಾಗಿ ಬೈಯಬೇಡಿ.

ಮಲಗುವ ಒಂದು ಗಂಟೆ ಮೊದಲೇ ಟ್ಯಾಬ್ ಆಫ್ ಮಾಡಿ, ಮಲಗುವ ಕೋಣೆಯ ಹೊರಗೆ ಚಾರ್ಜ್‌ಗೆ ಇಡಿ. ನಿಮ್ಮ ಫೋನೂ ಅಲ್ಲೇ ಇರಲಿ. ಸುಮ್ನೆ ಕಿತ್ತುಕೊಂಡರೆ ಜಗಳ ಆಗುತ್ತದೆ. ಆ ಹೊತ್ತಿನಲ್ಲಿ ಕಥೆ ಓದಿ ಹೇಳಿ, ಜೊತೆಗೆ ಕೂತು ಮಾತಾಡಿ. ರಜೆಯಲ್ಲೂ ಮಲಗುವ, ಏಳುವ ಹೊತ್ತು ಹೆಚ್ಚು ಬದಲಾಗದಿರಲಿ. ಕೆಲವು ವಾರ ಹೀಗೆ ಮಾಡಿದರೂ ಸರಿಹೋಗದಿದ್ದರೆ, ಅಥವಾ ಅವಳು ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ಮಕ್ಕಳ ಡಾಕ್ಟರಿಗೆ ತೋರಿಸಿ.